ಸಹೋದ್ಯೋಗಿಗಳ ಹಳೆಯ ಕಾರ್ಟೂನುಗಳು: ಇಟ್ಟುಕೊಳ್ಳಲಾ, ತೋರಿಸಲಾ, ಸುಟ್ಟು ಹಾಕಲಾ?

ಓದುಗರ ಪ್ರಶ್ನೆ

ನಾನು ಬೆಂಗಳೂರಿನ ಒಂದು ಸಾರ್ವಜನಿಕ ಉದ್ದಿಮೆಯ ಡ್ರಾಯಿಂಗ್ ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿ 1978ರಲ್ಲಿ ಸೇರಿ, 2011ರಲ್ಲಿ ನಿವೃತ್ತನಾದೆ. ಚಿತ್ರ ಬಿಡಿಸುವ ಚಟ ಮೊದಲಿನಿಂದಲೂ ಇತ್ತು. ಊಟದ ಹೊತ್ತಲ್ಲಿ, ಮೀಟಿಂಗಿನಲ್ಲಿ, ಕ್ಯಾಂಟೀನಿನಲ್ಲಿ ಕೂತು ಜೊತೆಗಿದ್ದವರ ಕಾರ್ಟೂನು ಬರೆಯುತ್ತಿದ್ದೆ. ಮೊನ್ನೆ ಮನೆಗೆ ಪೇಂಟ್ ಮಾಡಿಸುವಾಗ ಅಟ್ಟದ ಮೇಲಿನ ಟ್ರಂಕು ಇಳಿಸಿದೆವು. 14 ಪುಸ್ತಕ ಸಿಕ್ಕವು, ಜೊತೆಗೆ ಅಮೋನಿಯಾ ಪ್ರಿಂಟುಗಳ, ಅಂದರೆ ಡ್ರಾಯಿಂಗಿನ ನಕಲು ಹಾಳೆಗಳ, ಹಿಂಬದಿಯಲ್ಲಿ ಬರೆದ ಒಂದು ಕಟ್ಟು ಹಾಳೆ. ಕೆಲವು ಹಾಳೆ ಮುಟ್ಟಿದರೆ ಮುರಿಯುತ್ತವೆ. ಸ್ಕೆಚ್ ಪೆನ್ನಿನ ಬಣ್ಣ ಹೋಗಿದೆ, ಬಾಲ್‌ಪೆನ್ನಿನ ಗೆರೆ ಎದುರಿನ ಪುಟಕ್ಕೆ ಅಂಟಿದೆ, ಸೆಲ್ಲೋಟೇಪ್ ಹಚ್ಚಿದ ಕಡೆ ಕಂದು ಕಲೆ. ಹತ್ತು ಹದಿನೈದು ಮುಖಗಳು ಯಾರವು ಅಂತ ನನಗೇ ನೆನಪಿಗೆ ಬರುತ್ತಿಲ್ಲ.

ಮಗ ಹೇಳುತ್ತಾನೆ, ಸ್ಕ್ಯಾನ್ ಮಾಡಿ ಎಸೆದುಬಿಡಿ ಅಂತ. ಪಕ್ಕದ ಮನೆಯವರು ಲ್ಯಾಮಿನೇಷನ್ ಮಾಡಿಸಿ ಅನ್ನುತ್ತಾರೆ. ನನ್ನ ಹೆಂಡತಿ ಎಲ್ಲವನ್ನೂ ತಿರುವಿ ಹಾಕಿ, ಇದರಲ್ಲಿ ಅರ್ಧ ಸುಟ್ಟು ಹಾಕುವಂಥದ್ದು ಅಂದಳು. ಅವಳು ಹೇಳಿದ್ದು ಪೂರ್ತಿ ಸುಳ್ಳಲ್ಲ. ಪೋಲಿಯೊದಿಂದ ಕುಂಟುತ್ತಿದ್ದ ಒಬ್ಬ ಸ್ಟೋರ್ಸ್‌ನವರನ್ನು, ಉಗ್ಗುತ್ತಿದ್ದ ಒಬ್ಬ ಸೂಪರ್‌ವೈಸರನ್ನು, ಟೈಪಿಸ್ಟ್ ಆಗಿದ್ದ ಒಬ್ಬ ಹೆಂಗಸನ್ನು ನಾನು ಬರೆದಿರುವ ರೀತಿ ಈಗ ನೋಡಿದರೆ ಮುಜುಗರ ಆಗುತ್ತದೆ. ಆಗ ಎಲ್ಲರೂ ನಕ್ಕಿದ್ದರು. ಕೆಲವರು ಈಗ ಬದುಕಿಲ್ಲ.

ನಿವೃತ್ತರ ವಾರ್ಷಿಕ ಕೂಟಕ್ಕೆ ಒಂದು 40 ಚಿತ್ರ ಆರಿಸಿ ಸಣ್ಣ ಪುಸ್ತಕ ಮಾಡಬೇಕು ಅಂತ ಆಸೆ. ಮಾಸಿದ ಗೆರೆಗಳ ಮೇಲೆ ಮತ್ತೆ ಪೆನ್ನು ಆಡಿಸಬಹುದಾ? ಕಂಪನಿಯವರು ತಕರಾರು ಮಾಡುತ್ತಾರಾ? ಯಾರಾದರೂ ಕೇಸು ಹಾಕಬಹುದಾ?

ಉತ್ತರ

ನಿಮ್ಮ ಪ್ರಶ್ನೆಗಳು ಹಲವು, ಆದರೆ ಭಯ ಎರಡೇ. ಚಿತ್ರ ಹಾಳಾಗಿಬಿಟ್ಟರೆ ಅನ್ನೋದು ಒಂದು. ಹಾಳಾಗದೆ ಉಳಿದುಬಿಟ್ಟರೆ ಅನ್ನೋದು ಇನ್ನೊಂದು. ನನ್ನ ಕೆಲಸ ಹಳೆಯ ಕಾಗದ ಮತ್ತು ಚಿತ್ರಗಳ ಸಂರಕ್ಷಣೆ. ಕಲಾವಿದರ ಮನೆಗಳಿಂದ, ಅವರ ಮಕ್ಕಳಿಂದ ಬರುವ ಕಟ್ಟುಗಳನ್ನೇ ಜಾಸ್ತಿ ನೋಡುತ್ತೇನೆ, ಮತ್ತು ಈ ಎರಡು ಭಯಗಳು ಯಾವಾಗಲೂ ಒಟ್ಟಿಗೇ ಬರುತ್ತವೆ.

ಆದರೆ ಇವೆರಡಕ್ಕಿಂತ ಮುಂಚೆ ಮಾಡಬೇಕಾದ ಕೆಲಸವೊಂದಿದೆ. ಅದನ್ನು ನೀವು ಪ್ರಶ್ನೆಯಾಗಿ ಕೇಳಿಲ್ಲ, ಮಾತಿನ ಮಧ್ಯೆ ಹೇಳಿ ಮುಂದೆ ಹೋಗಿದ್ದೀರಿ: ಹತ್ತು ಹದಿನೈದು ಮುಖ ಯಾರವು ಅಂತ ಗೊತ್ತಾಗುತ್ತಿಲ್ಲ ಅಂತ. ಮುಖ್ಯ ತೊಂದರೆ ಇದೇ. ಕಾಗದವನ್ನು ನಾವು ಇನ್ನೂ ಐವತ್ತು ವರ್ಷ ಉಳಿಸಬಹುದು. ಹೆಸರು ಹೋದರೆ ಯಾವ ಲ್ಯಾಬೂ ತಂದುಕೊಡೋದಿಲ್ಲ. ಫೋಟೋ ಆದರೆ ಹೆಸರಿಲ್ಲದಿದ್ದರೂ ಒಂದು ಮುಖ ಅಂತ ಉಳಿಯುತ್ತದೆ. ಕಾರ್ಟೂನಿಗೆ ಆ ಅನುಕೂಲ ಇಲ್ಲ. ಇವರ ಮೂಗನ್ನು ಯಾಕೆ ಅಷ್ಟು ಉದ್ದ ಮಾಡಿದಿರಿ, ಕೈಯಲ್ಲಿ ಯಾಕೆ ಎರಡು ಟೀ ಲೋಟ, ಈ ಮನುಷ್ಯನ ತಲೆ ಮೇಲೆ ಯಾಕೆ ಗಡಿಯಾರ, ಇದು ಗೊತ್ತಿದ್ದವರಿಗೆ ಮಾತ್ರ ಅದು ಕಾರ್ಟೂನು. ಗೊತ್ತಿಲ್ಲದವರಿಗೆ ಸುಮ್ನೆ ಒಂದು ವಿಚಿತ್ರ ಮುಖ. ನನ್ನ ಕೈಗೆ ಬಂದ ಎಷ್ಟೋ ಪುಸ್ತಕಗಳಲ್ಲಿ ಗೆರೆ ಅದ್ಭುತವಾಗಿತ್ತು, ಆದರೆ ಮನೆಯವರಿಗೆ ಒಬ್ಬರ ಹೆಸರೂ ಗೊತ್ತಿರಲಿಲ್ಲ.

ಹಾಗಾಗಿ ಸ್ಕ್ಯಾನರ್ ಹುಡುಕುವ ಮೊದಲು ಒಂದು ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಸ್ಕೆಚ್ ಪುಸ್ತಕಗಳಿಗೆ ಒಂದರಿಂದ ಹದಿನಾಲ್ಕರವರೆಗೆ ಸಂಖ್ಯೆ ಕೊಡಿ, ಪುಟಗಳಿಗೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ ಮೂಲೆಯಲ್ಲಿ ಸಣ್ಣದಾಗಿ ಸಂಖ್ಯೆ ಹಾಕಿ. ಪೆನ್ನು ಬೇಡವೇ ಬೇಡ. ಆಮೇಲೆ ನೋಟ್‌ಬುಕ್ಕಿನಲ್ಲಿ ಪುಟದ ಲೆಕ್ಕಕ್ಕೆ ಬರೆಯುತ್ತಾ ಹೋಗಿ: ಯಾರು, ಯಾವ ಸೆಕ್ಷನ್, ಅಡ್ಡಹೆಸರು ಏನು, ಅಂದಾಜು ಯಾವ ವರ್ಷ, ಆ ತಮಾಷೆ ಏನು. ಕೊನೆಯದನ್ನು ಬಿಡಬೇಡಿ, ಎಲ್ಲಕ್ಕಿಂತ ಬೇಗ ಮರೆತುಹೋಗುವುದು ಅದೇ. ನೆನಪಾಗದ ಮುಖಗಳನ್ನು ಮೊಬೈಲಿನಲ್ಲಿ ಫೋಟೋ ಹೊಡೆದು, ಹಳೆಯ ಇಬ್ಬರು ಮೂವರು ಗೆಳೆಯರ ಮನೆಗೆ ಹೋಗಿ ತೋರಿಸಿ. ಅವರು ಹೇಳುವಾಗ ಮೊಬೈಲಿನಲ್ಲಿ ಧ್ವನಿ ರೆಕಾರ್ಡ್ ಮಾಡಿಕೊಳ್ಳಿ. ಒಂದು ಮುಖ ಗುರುತಿಸಲು ಕೂತವರು ಅರ್ಧ ಗಂಟೆ ಇಡೀ ಸೆಕ್ಷನ್ನಿನ ಕಥೆ ಹೇಳುತ್ತಾರೆ, ಅದು ಬೋನಸ್ಸು.

ವರ್ಷ ಹಿಡಿಯೋದು ಹೇಗೆ ಅಂದರೆ, ಚಿತ್ರದೊಳಗೇ ಸುಳಿವು ಇರುತ್ತದೆ. ಗೋಡೆಯ ಕ್ಯಾಲೆಂಡರು, ಟೆಲಿಫೋನಿನ ಡಯಲ್ಲು, ಪ್ಯಾಂಟಿನ ಅಗಲ, ಮೇಜಿನ ಮೇಲೆ ಡ್ರಾಯಿಂಗ್ ಬೋರ್ಡ್ ಇದೆಯೋ ಕಂಪ್ಯೂಟರ್ ಬಂದಿದೆಯೋ. ನೀವು 1978ರಲ್ಲಿ ಸೇರಿದವರು ಅಂದರೆ 1980ರ ಡಿಸೆಂಬರಿನಿಂದ 1981ರ ಮಾರ್ಚ್‌ವರೆಗೆ ನಡೆದ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಮುಷ್ಕರದ ಕಾಲದಲ್ಲಿ ಕೆಲಸದಲ್ಲಿ ಇದ್ದಿರಿ. 77 ದಿನ ನಡೆದ ಆ ಮುಷ್ಕರದ ಹೊತ್ತಿನಲ್ಲಿ ಗೇಟಿನ ಹತ್ತಿರ ಕೂತವರನ್ನೋ, ಬಸ್ಸಿಲ್ಲದೆ ನಿಂತವರನ್ನೋ ನೀವು ಬರೆದಿದ್ದರೆ ಅದು ನಿಮ್ಮ ಗೆಳೆಯರ ಬಳಗದ ಆಚೆಗೂ ಬೆಲೆ ಇರುವ ಚಿತ್ರ. ಪತ್ರಿಕೆಯ ಫೋಟೋಗಳಲ್ಲಿ ಮುಖಂಡರು ಸಿಗುತ್ತಾರೆ. ಸಾಲಿನ ಹಿಂದೆ ಕೂತು ಬೀಡಿ ಹಚ್ಚಿದವನನ್ನು ನಿಮ್ಮಂಥವರು ಮಾತ್ರ ನೋಡಿರುತ್ತಾರೆ.

ಇದೇ ಕಾರಣಕ್ಕೆ ಇನ್ನೊಂದು ಮಾತು: ಒಳ್ಳೆಯ ಚಿತ್ರಗಳನ್ನು ಮಾತ್ರ ಪುಸ್ತಕದಿಂದ ಹರಿದು ತೆಗೆಯಬೇಡಿ. ಎಲ್ಲರೂ ಮಾಡುವ ಕೆಲಸ ಇದು. ಫ್ರೇಮು ಹಾಕಿಸಲು ಐದು ಹಾಳೆ ಕಿತ್ತರೆ ಹೊಲಿಗೆ ಸಡಿಲವಾಗಿ ಅದರ ಜೋಡಿ ಹಾಳೆಗಳೂ ಉದುರುತ್ತವೆ. ಜೊತೆಗೆ ಪುಟದ ಅನುಕ್ರಮ ಹೋಗುತ್ತದೆ. ಒಂದು ಪುಟದಲ್ಲಿ ಮೇಲಧಿಕಾರಿ, ಅದರ ಹಿಂದೆ ಮಾರನೆಯ ದಿನ ಮಾಡಬೇಕಾದ ಟೈಟಲ್ ಬ್ಲಾಕಿನ ಲೆಕ್ಕ, ಪಕ್ಕದಲ್ಲಿ ಚೀಟಿ ಹಣದ ಪಟ್ಟಿ. ಇವೆಲ್ಲ ಸೇರಿಯೇ ಅದು ನಿಮ್ಮ ಪುಸ್ತಕ.

ಈಗ ಕಾಗದದ ವಿಷಯ. ಹಾಳೆ ಹಪ್ಪಳದ ಹಾಗೆ ಮುರಿಯುವುದಕ್ಕೆ ಕಾರಣ ವಯಸ್ಸಲ್ಲ, ಆಮ್ಲ. ಎಪ್ಪತ್ತು ಎಂಬತ್ತರ ದಶಕದ ಅಗ್ಗದ ಕಾಗದ ಮರದ ತಿರುಳಿನದು, ಅದರಲ್ಲಿ ಲಿಗ್ನಿನ್ ಅನ್ನುವ ಮರದ ಅಂಶ ಉಳಿದಿರುತ್ತದೆ. ಶಾಯಿ ಹರಡದಿರಲಿ ಅಂತ ಹಾಕುತ್ತಿದ್ದ ರೋಸಿನ್ ಅನ್ನುವ ಮರದ ರಾಳ ಮತ್ತು ಪಟಿಕ ಬೇರೆ. ಇವು ಗಾಳಿ, ಬಿಸಿ, ತೇವಕ್ಕೆ ಸಿಕ್ಕಿ ಆಮ್ಲ ಜಾಸ್ತಿಯಾಗುತ್ತಾ ಹೋಗಿ ನಾರನ್ನು ಕತ್ತರಿಸುತ್ತವೆ. ಇನ್ನೂರು ವರ್ಷದ ಹತ್ತಿಬಟ್ಟೆ ಕಾಗದ ಗಟ್ಟಿಯಾಗಿದ್ದು, ನಲವತ್ತು ವರ್ಷದ ನೋಟ್‌ಬುಕ್ ಪುಡಿಯಾಗುವುದು ಇದಕ್ಕೇ. ಅಟ್ಟ ಅಂದರೆ ಬೇಸಿಗೆಯಲ್ಲಿ ಕಾದ ಹೆಂಚು ಅಥವಾ ತಾರಸಿಯ ಕೆಳಗೆ, ಇದಕ್ಕಿಂತ ಕೆಟ್ಟ ಜಾಗ ಇಲ್ಲ.

ಲ್ಯಾಮಿನೇಷನ್ ಬಗ್ಗೆ ಒಂದೇ ಮಾತು: ಬೇಡ. ಆ ಮಷೀನು ಪ್ಲಾಸ್ಟಿಕ್ಕನ್ನು ಕಾಯಿಸಿ ಕಾಗದದ ಮೇಲೆ ಕರಗಿಸುತ್ತದೆ. ಒಳಗಿನ ಆಮ್ಲ ಒಳಗೇ ಇರುತ್ತದೆ, ಕಾಗದ ಒಳಗೇ ಕಂದಾಗುತ್ತದೆ, ಮತ್ತು ಆ ಪದರವನ್ನು ಬಿಡಿಸಿ ಅಂತ ತಂದರೆ ನಮ್ಮಂಥವರೂ ಕೈಯೆತ್ತುತ್ತೇವೆ. ಬಾಲ್‌ಪೆನ್ನಿನ ಗೆರೆ ಆ ಬಿಸಿಗೆ ಅಲ್ಲೇ ಹರಡಬಹುದು. ಅಂಗಡಿಯವರು ‘ಲೈಫ್‌ಲಾಂಗ್’ ಅನ್ನುತ್ತಾರೆ, ಅದು ಪ್ಲಾಸ್ಟಿಕ್ಕಿನ ಆಯಸ್ಸು.

ಬಿಸಿಲಿಗೆ ಹಾಕಿದರೆ ಹುಳ ಸಾಯುತ್ತವೆ ಅನ್ನೋದು ಅರ್ಧ ನಿಜ, ಆದರೆ ಹುಳಕ್ಕಿಂತ ಮುಂಚೆ ಬಣ್ಣ ಸಾಯುತ್ತದೆ. ನುಸಿಗುಳಿಗೆ ಅಂದರೆ ನಾಫ್ತಲೀನ್ ಗುಂಡು ಪುಟದ ಮಧ್ಯೆ ಇಡುವುದೂ ಬೇಡ, ಅದರ ಹೊಗೆ ಮನೆಯವರ ಆರೋಗ್ಯಕ್ಕೂ ಒಳ್ಳೆಯದಲ್ಲ. ಓಲೆಗರಿ ಕಟ್ಟುಗಳ ಜೊತೆ ಬಜೆ ಬೇರು ಇಡುವ ರೂಢಿ ನಮ್ಮಲ್ಲಿದೆ. ತೆಳು ಬಟ್ಟೆಯಲ್ಲಿ ಕಟ್ಟಿ ಪೆಟ್ಟಿಗೆಯ ಮೂಲೆಯಲ್ಲಿ ಇಡಬಹುದು, ಹಾಳೆಗೆ ತಾಗಿಸಬೇಡಿ. ಬೇವಿನ ಸೊಪ್ಪನ್ನು ಹಸಿಯಾಗಿ ಇಟ್ಟು ತೇವ ಕೊಟ್ಟವರನ್ನೂ ನೋಡಿದ್ದೇನೆ. ನಿಜವಾಗಿ ಬೆಳ್ಳಿಹುಳ ಅಥವಾ ಪುಸ್ತಕದ ಹುಳ ಓಡಾಡುತ್ತಿದ್ದರೆ ಪುಸ್ತಕವನ್ನು ಎರಡು ಪಾಲಿಥೀನ್ ಚೀಲದಲ್ಲಿ ಗಾಳಿ ಹಿಂಡಿ ಬಿಗಿಯಾಗಿ ಕಟ್ಟಿ, ಮನೆಯ ಡೀಪ್ ಫ್ರೀಜರಿನಲ್ಲಿ, ಅಂದರೆ ಸುಮಾರು ಮೈನಸ್ 18 ಡಿಗ್ರಿಯಲ್ಲಿ, ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ತಣ್ಣನೆಯ ಕಾಗದದ ಮೇಲೆ ನೀರು ಕೂರುತ್ತದೆ. ಗೆದ್ದಲು ಆದರೆ ಮಾತ್ರ ಬೇರೆ ಕಥೆ, ಅದು ಪುಸ್ತಕದ ರೋಗ ಅಲ್ಲ, ಮನೆಯದು.

ಬಿಳಿ ಕೈಗವಸು ಬೇಕಾ ಅಂತ ಎಲ್ಲರೂ ಕೇಳುತ್ತಾರೆ, ಸಿನಿಮಾದ ಪ್ರಭಾವ. ಬೇಡ. ಗವಸಿನ ನೂಲು ಮುರುಕು ಅಂಚಿಗೆ ಸಿಕ್ಕಿಕೊಂಡು ಹಾಳೆ ಹರಿಯುತ್ತದೆ. ಸೋಪು ಹಾಕಿ ತೊಳೆದು ಚೆನ್ನಾಗಿ ಒರೆಸಿದ ಕೈ ಸಾಕು. ಬೂಷ್ಟು ಇದ್ದರೆ ಮಾತ್ರ ಮಾಸ್ಕ್ ಹಾಕಿಕೊಂಡು, ಹೊರಗೆ ನೆರಳಲ್ಲಿ ಒಣಗಿಸಿ, ಮೆತ್ತನೆಯ ಬ್ರಷ್ಷಿನಲ್ಲಿ ಉದುರಿಸಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅದು ಕಾಗದದ ಒಳಕ್ಕೆ ಇಳಿಯುತ್ತದೆ.

ಇನ್ನು ಗೆರೆ. ಎಲ್ಲ ಗೆರೆಯೂ ಒಂದೇ ಥರ ಮಾಸುವುದಿಲ್ಲ. ನೀವು ಡ್ರಾಫ್ಟ್ಸ್‌ಮನ್ ಆಗಿದ್ದರಿಂದ ನಿಮ್ಮ ಅದೃಷ್ಟ ಚೆನ್ನಾಗಿದೆ: ರೋಟ್ರಿಂಗ್ ಪೆನ್ನಿನ ಇಂಡಿಯನ್ ಇಂಕ್, ಕ್ಲಚ್ ಪೆನ್ಸಿಲ್ಲಿನ ಸೀಸ, ಎರಡೂ ಇಂಗಾಲ. ಬೆಳಕಿಗೆ ಮಾಸುವುದಿಲ್ಲ. ಪೆನ್ಸಿಲ್ ಉಜ್ಜಿದರೆ ಅಳಿಸುತ್ತದೆ ಅಷ್ಟೇ. ಫೌಂಟನ್ ಪೆನ್ನಿನ ತೊಳೆದರೆ ಹೋಗುವ ನೀಲಿ ಶಾಯಿ ಮತ್ತು ಸ್ಕೆಚ್ ಪೆನ್ನು ಬಣ್ಣದ ನೀರು ಇದ್ದಂತೆ, ನೀರಿಗೂ ಬೆಳಕಿಗೂ ತಡೆಯೋದಿಲ್ಲ. ಬಾಲ್‌ಪೆನ್ನಿನಲ್ಲಿ ಎಣ್ಣೆಯಂಥ ಅಂಟಿನೊಳಗೆ ಬಣ್ಣ ಇರುತ್ತದೆ. ಕತ್ತಲಲ್ಲಿ ಇದ್ದರೆ ತುಂಬ ಕಾಲ ಇರುತ್ತದೆ, ಆದರೆ ನಿಧಾನಕ್ಕೆ ಹರಡಿ ಎದುರು ಪುಟಕ್ಕೆ ಅಚ್ಚು ಬೀಳುತ್ತದೆ, ನೀವು ನೋಡಿರುವುದು ಅದೇ. ಅಂಥ ಪುಟಗಳ ಮಧ್ಯೆ ಮಾತ್ರ ಆಮ್ಲರಹಿತ ತೆಳು ಕಾಗದ ಇಡಿ. ಎಲ್ಲ ಪುಟಕ್ಕೂ ಇಟ್ಟರೆ ಪುಸ್ತಕ ಉಬ್ಬಿ ಬೆನ್ನು ಒಡೆಯುತ್ತದೆ. ಸೆಲ್ಲೋಟೇಪನ್ನು ಮುಟ್ಟಬೇಡಿ. ಅದರ ಗೋಂದು ಆಗಲೇ ನಾರಿನೊಳಗೆ ಇಳಿದಿದೆ, ಎಳೆದರೆ ಮುಖದ ಅರ್ಧ ಬರುತ್ತದೆ.

ಮಾಸಿದ ಗೆರೆ ಮೇಲೆ ಮತ್ತೆ ಪೆನ್ನು ಆಡಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಹಳೆಯ ಗೆರೆ ಎಷ್ಟೇ ಮಸುಕಾಗಿದ್ದರೂ ಅದು ಇಪ್ಪತ್ತೈದರ ಹುಡುಗ ಎರಡು ನಿಮಿಷದಲ್ಲಿ, ಎದುರಿಗಿದ್ದವರು ತಲೆ ಎತ್ತುವ ಮೊದಲು ಹಾಕಿದ್ದು. ಈಗ ನೀವು ನಿಧಾನಕ್ಕೆ ಅದರ ಮೇಲೆ ಹೋದರೆ ಆ ವೇಗ ಸಿಗೋದಿಲ್ಲ, ಮೇಲಾಗಿ ಹಳೆಯದು ಹೋಗಿಯೇಬಿಡುತ್ತದೆ. ಅಷ್ಟು ಆಸೆ ಇದ್ದರೆ ಬೇರೆ ಹಾಳೆಯಲ್ಲಿ ಅದೇ ಮನುಷ್ಯನನ್ನು ಈಗಿನ ಕೈಯಿಂದ ಹೊಸದಾಗಿ ಬರೆಯಿರಿ. ನಾನು ಆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಇಷ್ಟಪಡುತ್ತೇನೆ.

ಮಸುಕಾದ ಗೆರೆಯನ್ನು ಪ್ರತಿಯಲ್ಲಿ ಎಬ್ಬಿಸಲು ಒಳ್ಳೆಯ ಉಪಾಯ ಒಂದಿದೆ. ಚಿತ್ರವನ್ನು ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ಕಪ್ಪುಬಿಳುಪಿನಲ್ಲಿ ಅಲ್ಲ. ಆಮೇಲೆ ಯಾವುದೇ ಫೋಟೋ ತಂತ್ರಾಂಶದಲ್ಲಿ ಕೆಂಪು ಚಾನೆಲ್ ಒಂದನ್ನೇ ತೆರೆದು ನೋಡಿ. ಹಳದಿಯಾದ ಕಾಗದ ಕೆಂಪು ಬೆಳಕನ್ನು ಚೆನ್ನಾಗಿ ಹಿಂದಕ್ಕೆ ಕಳಿಸುತ್ತದೆ, ಹಾಗಾಗಿ ಅದು ಬೆಳ್ಳಗೆ ಕಾಣುತ್ತದೆ. ನೀಲಿ ಶಾಯಿ ಕೆಂಪನ್ನು ಹೀರುತ್ತದೆ, ಹಾಗಾಗಿ ಗೆರೆ ಕಪ್ಪಗೆ ಎದ್ದು ಬರುತ್ತದೆ. ಕಣ್ಣಿಗೆ ಕಾಣದ ಹುಬ್ಬು, ಕನ್ನಡಕದ ಕಡ್ಡಿ ಇದ್ದಕ್ಕಿದ್ದಂತೆ ಕಾಣಿಸಿಕೊಳ್ಳುತ್ತವೆ. ನಿಮ್ಮ ಮಗನಿಗೆ ಹೇಳಿ, ಹತ್ತು ನಿಮಿಷದ ಕೆಲಸ.

ಸ್ಕ್ಯಾನಿಗೆ ಚಪ್ಪಟೆ ಗಾಜಿನ ಸ್ಕ್ಯಾನರೇ ಆಗಬೇಕು. ಹಾಳೆ ಎಳೆದುಕೊಳ್ಳುವ ಮಷೀನಿಗೆ ಕೊಟ್ಟರೆ ಮುರುಕು ಹಾಳೆ ಒಳಗೇ ಉಳಿಯುತ್ತದೆ. 600 ಡಿಪಿಐ, ಟಿಫ್ ಕಡತ. ಮೊಬೈಲ್ ಆ್ಯಪುಗಳು ಹಿನ್ನೆಲೆಯನ್ನು ಬೆಳ್ಳಗೆ ಮಾಡುವ ಉತ್ಸಾಹದಲ್ಲಿ ಪೆನ್ಸಿಲ್ಲಿನ ನೆರಳನ್ನೆಲ್ಲ ನುಂಗಿಬಿಡುತ್ತವೆ, ಗುರುತು ಹಿಡಿಯಲು ಪರವಾಗಿಲ್ಲ, ಉಳಿಸಿಕೊಳ್ಳಲು ಅಲ್ಲ. ಖಾಲಿ ಪುಟ, ರಟ್ಟು ಎಲ್ಲವನ್ನೂ ಸ್ಕ್ಯಾನ್ ಮಾಡಿ. ಬೆನ್ನು ಬಿಗಿಯಾಗಿದ್ದರೆ ಗಾಜಿಗೆ ಒತ್ತಬೇಡಿ, ಕ್ಯಾಮೆರಾ ಸ್ಟ್ಯಾಂಡಿಗೆ ಹಾಕಿ ಮೇಲಿನಿಂದ ಫೋಟೋ ತೆಗೆಯಿರಿ.

ಸ್ಕ್ಯಾನ್ ಆದ ಮೇಲೆ ಮೂಲ ಎಸೆಯಬಹುದಾ? ಎಸೆಯಬೇಡಿ. ಹಾರ್ಡ್ ಡಿಸ್ಕ್ ಕೈಕೊಡುವಾಗ ಮುನ್ಸೂಚನೆ ಕೊಡೋದಿಲ್ಲ. ನಿಮ್ಮ 1978ರ ಪುಸ್ತಕ ಅಟ್ಟದ ಮೇಲೂ ಇಷ್ಟು ವರ್ಷ ಉಳಿದಿದೆ, ಆ ಪೆನ್ ಡ್ರೈವಿನ ಮೇಲೆ ಅಷ್ಟು ನಂಬಿಕೆ ನನಗಿಲ್ಲ. ಮೂಲ ಪುಸ್ತಕಗಳನ್ನು ಆಮ್ಲರಹಿತ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ, ಹೊರಗೋಡೆಗೆ ತಾಗದ ಬೀರುವಿನ ಮಧ್ಯದ ಅರೆಯಲ್ಲಿ ಇಡಿ. ಗಾಳಿಯ ತೇವ ಶೇ 65 ದಾಟಿದರೆ ಬೂಷ್ಟು ಶುರು. ಬೆಂಗಳೂರಿನಲ್ಲಿ ಮಳೆಗಾಲದಲ್ಲಿ ಮಾತ್ರ ಎಚ್ಚರ ಸಾಕು. ಮಂಗಳೂರು, ಉಡುಪಿ ಕಡೆಯವರು ಜೂನಿಂದ ಸೆಪ್ಟೆಂಬರ್‌ವರೆಗೆ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟು ಬದಲಿಸುತ್ತಿರಬೇಕು. ಪಿವಿಸಿ ಫೋಲ್ಡರ್ ಬೇಡ, ಅದು ಅಂಟಂಟಾಗಿ ಶಾಯಿಯನ್ನು ಎಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಆಗಬಹುದು.

ಅಮೋನಿಯಾ ಪ್ರಿಂಟಿನ ಕಟ್ಟನ್ನು ಇವತ್ತೇ ಬೇರೆ ಮಾಡಿ. ಅದರ ಮುಂಬದಿಯ ರಾಸಾಯನಿಕ ಲೇಪ ಇಷ್ಟು ವರ್ಷ ಆದ ಮೇಲೂ ಸುಮ್ಮನೆ ಕೂತಿರುವುದಿಲ್ಲ. ಬೆಳಕಿಗೆ ಗೆರೆ ಮಾಸುತ್ತದೆ, ಹಿನ್ನೆಲೆ ಕಂದಾಗುತ್ತದೆ, ಅದರಿಂದ ಹೊರಡುವ ಆವಿ ಪಕ್ಕದ ಹಾಳೆಗಳಿಗೆ ಕಲೆ ಹಚ್ಚುತ್ತದೆ. ಕಟ್ಟಿನ ಮೇಲೆ ಕೆಳಗೆ ಇದ್ದ ಪುಸ್ತಕಗಳ ರಟ್ಟು ನೋಡಿ, ಆ ಆಕಾರದಲ್ಲೇ ಕಂದು ಚೌಕ ಬಿದ್ದಿರುತ್ತದೆ. ಇವುಗಳಿಗೆ ಪ್ರತ್ಯೇಕ ಪೆಟ್ಟಿಗೆ, ಹಾಳೆಗೊಂದು ಪಾಲಿಯೆಸ್ಟರ್ ಕವರು. ಸಂರಕ್ಷಣೆಯ ಕಾಗದಕ್ಕೆ ಸಾಮಾನ್ಯವಾಗಿ ಸುಣ್ಣದ ಅಂಶ ಸೇರಿಸಿರುತ್ತಾರೆ, ಅದು ನಿಮ್ಮ ಬೇರೆ ಹಾಳೆಗಳಿಗೆ ಒಳ್ಳೆಯದು, ಅಮೋನಿಯಾ ಪ್ರಿಂಟಿಗೆ ಮಾತ್ರ ಆಗಿಬರುವುದಿಲ್ಲ. ಮೊದಲು ಇವನ್ನೇ ಸ್ಕ್ಯಾನ್ ಮಾಡಿ, ಎರಡೂ ಬದಿ.

ಎರಡೂ ಬದಿ ಅಂದಾಗ ಇನ್ನೊಂದು ತೊಡಕು ನೆನಪಾಯಿತು. ಒಂದು ಕಡೆ ನಿಮ್ಮ ಫೋರ್‌ಮನ್ನರ ಮೀಸೆ, ಇನ್ನೊಂದು ಕಡೆ ಕಂಪನಿಯ ಯಾವುದೋ ಬಿಡಿಭಾಗದ ಡ್ರಾಯಿಂಗ್. ರದ್ದಿಗೆ ಹಾಕಿದ ಹಾಳೆಯೇ ಇರಬಹುದು. ಆದರೂ ಆ ಬದಿ ನಿಮ್ಮದಲ್ಲ. ಪುಸ್ತಕದಲ್ಲಿ, ಮೊಬೈಲ್ ಗುಂಪಿನಲ್ಲಿ, ಎಲ್ಲೂ ಆ ಬದಿಯನ್ನು ಹಾಕಬೇಡಿ, ರಕ್ಷಣೆಗೆ ಸಂಬಂಧಿಸಿದ ಕೆಲಸ ಆಗಿದ್ದರಂತೂ ಮನೆಯಿಂದ ಹೊರಗೆ ಕಳಿಸುವ ಮೊದಲು ಕಂಪನಿಯನ್ನು ಒಂದು ಮಾತು ಕೇಳಿ.

ಚಿತ್ರದ ಹಕ್ಕು ಯಾರದು? ಹಕ್ಕುಸ್ವಾಮ್ಯ ಕಾಯ್ದೆ 1957ರ 17ನೇ ಕಲಮಿನ ಪ್ರಕಾರ ಚಿತ್ರ ಬರೆದವರೇ ಮೊದಲ ಹಕ್ಕುದಾರರು. ಉದ್ಯೋಗದ ಭಾಗವಾಗಿ ಮಾಡಿದ್ದು ಮಾತ್ರ ಮಾಲೀಕರಿಗೆ ಹೋಗುತ್ತದೆ. ನಿಮ್ಮ ಕೆಲಸ ಯಂತ್ರದ ಡ್ರಾಯಿಂಗ್ ಮಾಡುವುದಾಗಿತ್ತು, ಕ್ಯಾಂಟೀನಿನಲ್ಲಿ ಅಕೌಂಟ್ಸ್‌ನವರ ಮೂಗು ಬರೆಯುವುದಲ್ಲ. ಕಂಪನಿಯ ಪೆನ್ಸಿಲ್ ಬಳಸಿದ ಮಾತ್ರಕ್ಕೆ ಕಾರ್ಟೂನು ಕಂಪನಿಯದಾಗುವುದಿಲ್ಲ. ಆದರೆ ಎರಡು ಕಡೆ ನಿಂತು ನೋಡಿ. ಕಂಪನಿಯ ಮನೆಪತ್ರಿಕೆಗೆ ಹೇಳಿ ಬರೆಸಿಕೊಂಡ ಚಿತ್ರ ಇದ್ದರೆ ಗೊಂದಲ ಇದೆ, ಒಂದು ಪತ್ರ ಬರೆದು ಒಪ್ಪಿಗೆ ತಗೊಳ್ಳುವುದು ಸುಲಭ. ಇನ್ನೊಂದು ಬಹಳ ಜನಕ್ಕೆ ಗೊತ್ತಿಲ್ಲದ್ದು: ದುಡ್ಡು ಕೊಟ್ಟು ಬರೆಸಿಕೊಂಡ ಭಾವಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿಕೊಂಡವರದು. ಬೀಳ್ಕೊಡುಗೆಗೆ ಅಂತ ಸೆಕ್ಷನ್ನಿನವರು ಚಂದಾ ಎತ್ತಿ ನಿಮ್ಮ ಕೈಗೆ ದುಡ್ಡು ಕೊಟ್ಟು ಬರೆಸಿದ್ದಿದೆಯಾ ನೋಡಿ. ಸುಮ್ನೆ ಸ್ನೇಹಕ್ಕೆ ಬರೆದುಕೊಟ್ಟಿದ್ದರೆ ಆ ಹಾಳೆ ಅವರದು, ಅಚ್ಚು ಹಾಕುವ ಹಕ್ಕು ನಿಮ್ಮದೇ. ನಿಮ್ಮ ಕಾಲದ ನಂತರವೂ 60 ವರ್ಷ ಅದು ನಿಮ್ಮ ವಾರಸುದಾರರದು, ಹಾಗಾಗಿ ಮಕ್ಕಳಿಗೆ ಏನು ಮಾಡಬಹುದು, ಏನು ಕೂಡದು ಅಂತ ಬರೆದಿಟ್ಟರೆ ಒಳ್ಳೆಯದು.

ಕೇಸಿನ ವಿಷಯ. ಕಾರ್ಟೂನು ತಮಾಷೆ, ಕಾನೂನು ಮುಟ್ಟಲ್ಲ ಅನ್ನೋದು ತಪ್ಪು. ಮಾನಹಾನಿಯ ಕಲಮು, ಈಗಿನ ಭಾರತೀಯ ನ್ಯಾಯ ಸಂಹಿತೆಯ 356, ಮಾತು ಬರಹಗಳ ಜೊತೆ ಕಣ್ಣಿಗೆ ಕಾಣುವ ಚಿತ್ರಣವನ್ನೂ ಹೆಸರಿಸಿಯೇ ಹೇಳುತ್ತದೆ. ಸತ್ತವರ ಬಗ್ಗೆ ಏನು ಬೇಕಾದರೂ ಹಾಕಬಹುದು ಅನ್ನೋದೂ ತಪ್ಪು, ಮನೆಯವರಿಗೆ ನೋವು ಮಾಡುವ ಉದ್ದೇಶ ಇದ್ದರೆ ಅದೂ ಒಳಗೆ ಬರುತ್ತದೆ. ಹಾಗಂತ ಉದ್ದ ಮೂಗಿಗೆ ಯಾರೂ ಜೈಲಿಗೆ ಹೋಗೋದಿಲ್ಲ. ತೊಂದರೆ ಬರುವುದು ಚಿತ್ರ ಏನಾದರೂ ಆರೋಪ ಮಾಡಿದಾಗ. ಪರ್ಚೇಸ್‌ನವರ ಜೇಬಿನಿಂದ ನೋಟು ಇಣುಕುತ್ತಿರುವುದು, ಇಬ್ಬರ ನಡುವೆ ಏನೋ ಇದೆ ಅಂತ ಸೂಚಿಸುವುದು, ಅಂಥವು. ನಲವತ್ತು ವರ್ಷದ ಹಿಂದೆ ಗೋಡೆಯ ಆಚೆಗೆ ಹೋಗದ ಗಾಳಿಸುದ್ದಿ ಈಗ ಒಂದು ಫಾರ್ವರ್ಡಿನಲ್ಲಿ ಮೊಮ್ಮಕ್ಕಳ ಫೋನಿಗೆ ತಲುಪುತ್ತದೆ. ನಿವೃತ್ತರ ವಾಟ್ಸಾಪ್ ಗುಂಪು ನಮ್ಮನಮ್ಮೊಳಗೆ ಅಂತ ಅಂದುಕೊಳ್ಳಬೇಡಿ. ಅಂಥ ಚಿತ್ರಗಳನ್ನು ಪುಸ್ತಕಕ್ಕೆ ಹಾಕಲೇಬೇಕು ಅನಿಸಿದರೆ ವಕೀಲರಿಗೆ ತೋರಿಸಿ, ಹಾಕದಿದ್ದರೆ ಇನ್ನೂ ಸುಲಭ.

ಈಗ ನಿಮ್ಮ ಹೆಂಡತಿ ಹೇಳಿದ ಮಾತು. ಅವರು ಸರಿಯಾಗಿಯೇ ಗುರುತಿಸಿದ್ದಾರೆ, ಪರಿಹಾರದಲ್ಲಿ ಮಾತ್ರ ನನಗೆ ಭಿನ್ನಾಭಿಪ್ರಾಯ.

‘ಆಗ ಎಲ್ಲರೂ ನಕ್ಕಿದ್ದರು’ ಅಂತ ಬರೆದಿದ್ದೀರಿ. ನಕ್ಕಿರಬಹುದು. ಉಗ್ಗುವವರು ತಮ್ಮ ಮೇಲಿನ ತಮಾಷೆಗೆ ಎಲ್ಲರಿಗಿಂತ ಮೊದಲು ನಗುತ್ತಾರೆ, ಬೇರೆ ದಾರಿ ಇರುವುದಿಲ್ಲ ಅಲ್ವಾ. ಟೈಪಿಸ್ಟ್ ಒಬ್ಬರೇ ಹೆಂಗಸು ಇದ್ದ ಸೆಕ್ಷನ್ನಿನಲ್ಲಿ ಅವರು ನಗದೆ ಇನ್ನೇನು ಮಾಡಬೇಕಿತ್ತು? ನಾನು ಇಂಥ ಪುಸ್ತಕ ನೋಡುವಾಗ ಒಂದು ವ್ಯತ್ಯಾಸ ಹುಡುಕುತ್ತೇನೆ. ಆ ಮನುಷ್ಯ ಏನು ಮಾಡುತ್ತಿದ್ದ ಅನ್ನುವುದರ ಮೇಲೆ ತಮಾಷೆಯೋ, ಅಥವಾ ಅವನು ಬದಲಿಸಿಕೊಳ್ಳಲಾಗದ್ದರ ಮೇಲೋ. ಊಟ ಆದ ಮೇಲೆ ಟಿ-ಸ್ಕ್ವೇರ್ ಮೇಲೆ ಗಲ್ಲ ಊರಿ ನಿದ್ದೆ ಹೊಡೆಯುವವನು, ಓವರ್‌ಟೈಮ್ ಫಾರ್ಮು ಕಂಡರೆ ಮಾತ್ರ ಕನ್ನಡಕ ಹಾಕುವವನು, ಇವರು ಮೊದಲನೆಯ ಜಾತಿ, ಮೊಮ್ಮಕ್ಕಳೂ ಖುಷಿಯಾಗಿ ಫ್ರೇಮು ಹಾಕಿಸುತ್ತಾರೆ. ಕುಂಟು, ಉಗ್ಗು, ಮೈಬಣ್ಣ ಎರಡನೆಯದು. ನಾಮ, ಜನಿವಾರ, ಉಡುಪಿನಿಂದ ಜಾತಿ ತೋರಿಸಿದ ಚಿತ್ರಗಳನ್ನೂ ಒಮ್ಮೆ ತಿರುವಿ ನೋಡಿ. ಗೆರೆ ಕಡಿಮೆ ಮಾಡಲು ಎಲ್ಲ ಕಾರ್ಟೂನಿಸ್ಟರೂ ಇಂಥ ಗುರುತು ಬಳಸುತ್ತಿದ್ದರು. ನೋಡುವವರಿಗೆ ಅದು ಬರೀ ಗುರುತಾಗಿ ಕಾಣುತ್ತದೆ ಅಂತ ಹೇಳಲಾಗದು.

ಒಂದೇ ಚಿತ್ರವನ್ನು ಬೇರೆ ಕಾಲ ಬೇರೆ ಥರ ಓದುತ್ತದೆ ಅನ್ನುವುದಕ್ಕೆ ದೊಡ್ಡ ಉದಾಹರಣೆ ‘ಶಂಕರ್ಸ್ ವೀಕ್ಲಿ’ಯ ಶಂಕರ್ ಅವರ 1949ರ ವ್ಯಂಗ್ಯಚಿತ್ರ. ಸಂವಿಧಾನ ಅನ್ನುವ ಬಸವನಹುಳುವಿನ ಮೇಲೆ ಅಂಬೇಡ್ಕರ್ ಕೂತಿದ್ದಾರೆ, ಹಿಂದಿನಿಂದ ನೆಹರೂ ಚಾಟಿ ಹಿಡಿದು ನಿಂತಿದ್ದಾರೆ. ಬರೆದಾಗ ಅದು ಸಂವಿಧಾನ ರಚನೆ ನಿಧಾನವಾಯಿತು ಅನ್ನುವ ಟೀಕೆ. 2012ರಲ್ಲಿ ಎನ್‌ಸಿಇಆರ್‌ಟಿಯ 11ನೇ ತರಗತಿಯ ಪುಸ್ತಕದಲ್ಲಿ ಅದು ಇರುವುದಕ್ಕೆ ಸಂಸತ್ತಿನಲ್ಲಿ ಗದ್ದಲವಾಯಿತು, ತೆಗೆಯುತ್ತೇವೆ ಅಂತ ಸರ್ಕಾರ ಹೇಳಬೇಕಾಯಿತು. ಗೆರೆ ಒಂದೂ ಬದಲಾಗಿರಲಿಲ್ಲ. ಚಾಟಿ ಯಾರ ಹಿಂದೆ ಇದೆ ಅನ್ನುವುದನ್ನು ನೋಡುವವರು ಬದಲಾಗಿದ್ದರು, ಅವರ ನೋವಿಗೂ ಕಾರಣ ಇತ್ತು. ಪಠ್ಯಪುಸ್ತಕದಿಂದ ತೆಗೆಯಬೇಕಿತ್ತೇ ಬೇಡವೇ ಅನ್ನುವ ವಾದ ಬೇರೆ, ಆದರೆ ಆ ಚಿತ್ರವನ್ನು ಸುಟ್ಟುಬಿಟ್ಟಿದ್ದರೆ ಚರ್ಚೆಗೆ ಏನೂ ಉಳಿಯುತ್ತಿರಲಿಲ್ಲ.

ಹಾಗಾಗಿ ಇಟ್ಟುಕೊಳ್ಳುವುದು ಮತ್ತು ತೋರಿಸುವುದು ಎರಡು ಬೇರೆ ತೀರ್ಮಾನ. ನೀವು ಎರಡನ್ನೂ ಒಂದೇ ಅಂದುಕೊಂಡಿರುವುದರಿಂದ ಸುಡುವ ಮಾತು ಬಂದಿದೆ. ಆ ಮುಜುಗರದ ಪುಟಗಳನ್ನು ಪುಸ್ತಕದೊಳಗೇ ಬಿಡಿ, ಪ್ರಕಟಣೆಗೆ ಅಲ್ಲ ಅಂತ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮುಂದೆ ಯಾವುದಾದರೂ ಸಂಸ್ಥೆಗೆ ಕೊಟ್ಟರೆ, ಇಂಥ ಪುಟಗಳನ್ನು ಇಂತಿಷ್ಟು ವರ್ಷ ತೆರೆಯಬಾರದು ಅಂತ ಷರತ್ತು ಹಾಕಬಹುದು, ಪತ್ರಾಗಾರಗಳಲ್ಲಿ ಇದು ಮಾಮೂಲಿ. ಸುಡುವ ಹಕ್ಕು ನಿಮಗೆ ಖಂಡಿತ ಇದೆ, ನಾನು ತಡೆಯೋನಲ್ಲ. ಆದರೆ ಟ್ರಂಕು ಇಳಿಸಿದ ವಾರದಲ್ಲಿ ಬೇಡ. ಒಂದು ವರ್ಷ ಬಿಟ್ಟು ಮತ್ತೆ ನೋಡಿ.

ಆ ಮೂವರಲ್ಲಿ ಯಾರಾದರೂ ಬದುಕಿದ್ದರೆ ಒಂದು ಕೆಲಸ ಮಾಡಬಹುದು. ಫೋನ್ ಮಾಡಿ, ನಿಮ್ಮ ಚಿತ್ರ ಇದೆ, ಬಂದು ತೋರಿಸಲಾ ಅಂತ ಕೇಳಿ. ಬೇಡ ಅಂದರೆ ಬೇಡ, ಅಲ್ಲಿಗೆ ಮುಗಿಯಿತು. ನೋಡುತ್ತೇನೆ ಅಂದರೆ ಒಬ್ಬರೇ ಹೋಗಿ, ಜೊತೆಗೆ ನಾಲ್ಕು ಗೆಳೆಯರನ್ನು ಕರೆದುಕೊಂಡು ಹೋಗಬೇಡಿ, ಹೋದರೆ ಮತ್ತೆ ಅವರು ನಗಲೇಬೇಕಾಗುತ್ತದೆ. ಮೂಲವೋ ಪ್ರತಿಯೋ ಅವರಿಗೇ ಕೊಡಲು ಸಿದ್ಧರಿರಿ. ಕೆಲವರು ‘ಇದರಲ್ಲಿ ಏನಿದೆ, ಹಾಕಿ’ ಅನ್ನುತ್ತಾರೆ. ಕೆಲವರು ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಬೇರೆ ಮಾತು ಶುರು ಮಾಡುತ್ತಾರೆ. ಎರಡೂ ಉತ್ತರವೇ. ತೀರಿಕೊಂಡವರ ಮನೆಯವರನ್ನು ಕೇಳುವುದಾದರೆ ಅವರು ಚೆನ್ನಾಗಿ ಕಾಣುವ ಇನ್ನೊಂದು ಚಿತ್ರವನ್ನೂ ಒಯ್ಯಿರಿ, 14 ಪುಸ್ತಕದಲ್ಲಿ ಅಂಥದ್ದು ಇದ್ದೇ ಇರುತ್ತದೆ.

ನಿಮ್ಮ 40 ಚಿತ್ರದ ಪುಸ್ತಕ ಒಳ್ಳೆಯ ಯೋಚನೆ. ಪ್ರತಿ ಚಿತ್ರದ ಕೆಳಗೆ ಹೆಸರು, ಸೆಕ್ಷನ್, ಮೂರು ನಾಲ್ಕು ಸಾಲು ಕಥೆ. ಗೆರೆಗಿಂತ ಜಾಸ್ತಿ ಜನ ಅದನ್ನು ಓದುತ್ತಾರೆ. ನಿಮ್ಮನ್ನೇ ನೀವು ಬರೆದುಕೊಂಡಿದ್ದರೆ ಅದನ್ನೂ ಹಾಕಿ, ಇಲ್ಲದಿದ್ದರೆ ಈಗ ಬರೆಯಿರಿ. ಎಲ್ಲರ ಮೂಗನ್ನೂ ಎಳೆದವರು ತಮ್ಮದನ್ನು ಬಿಟ್ಟರೆ ಗೆಳೆಯರು ಸುಮ್ಮನಿರೋದಿಲ್ಲ. ಆರ್.ಕೆ. ಲಕ್ಷ್ಮಣ್ ಮೈಸೂರಿನಲ್ಲಿ ಹುಡುಗನಾಗಿದ್ದಾಗ ಶುರು ಮಾಡಿದ್ದೂ ಮನೆಯ ನೆಲ, ಗೋಡೆ, ಬಾಗಿಲ ಮೇಲೆ ಬರೆಯುವುದರಿಂದ ಮತ್ತು ಶಾಲೆಯ ಮೇಷ್ಟರುಗಳ ವ್ಯಂಗ್ಯಚಿತ್ರದಿಂದ. ಕಾಲೇಜಿನ ಹೊತ್ತಿಗೆ ‘ಕೊರವಂಜಿ’ ಹಾಸ್ಯಪತ್ರಿಕೆಗೆ ಬರೆಯುತ್ತಿದ್ದರು. ಪಕ್ಕದಲ್ಲಿ ಕೂತವರನ್ನು ಬರೆಯುವ ಚಟ ಕನ್ನಡಿಗರಿಗೆ ಹೊಸದಲ್ಲ.

ಹಾಳೆಗಳ ರಿಪೇರಿಗೆ ಬೆಂಗಳೂರಿನಲ್ಲೇ ಚಿತ್ರಕಲಾ ಪರಿಷತ್ತಿನಲ್ಲಿ, ಪರಂಪರೆ ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಇದೆ. ಮೈಸೂರಿನಲ್ಲಿ ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಇದೆ. ಎಲ್ಲ 14 ಪುಸ್ತಕ ಒಯ್ಯುವುದು ಬೇಡ. ಟೇಪು ಹಚ್ಚಿದ್ದು, ಪೂರ್ತಿ ಮುರಿಯುತ್ತಿರುವುದು, ಅಮೋನಿಯಾ ಪ್ರಿಂಟಿನ ಕಟ್ಟು, ಇಷ್ಟನ್ನು ತೋರಿಸಿ ಖರ್ಚು ಎಷ್ಟು ಕೇಳಿ. ಉಳಿದವಕ್ಕೆ ಒಳ್ಳೆಯ ಪೆಟ್ಟಿಗೆ ಸಾಕು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕಾರ್ಟೂನಿಸ್ಟ್ಸ್‌ನವರಿಗೂ ಸ್ಕ್ಯಾನ್ ಕೆಲವು ತೋರಿಸಿ, ಪ್ರದರ್ಶನದ ಮಾತು ಅವರ ಹತ್ತಿರವೇ ಆಡಬೇಕು.

ಕೂಟಕ್ಕೆ ಮಾತ್ರ ಮೂಲ ಪುಸ್ತಕ ಒಯ್ಯಬೇಡಿ. ಇದನ್ನು ಎಷ್ಟು ಹೇಳಿದರೂ ಜನ ಒಯ್ಯುತ್ತಾರೆ. ಮೇಜಿನ ಮೇಲೆ ಕೇಸರಿಬಾತ್ ತಟ್ಟೆ, ಕೈಯಲ್ಲಿ ಕಾಫಿ ಲೋಟ, ನಲವತ್ತು ಜನ ಒಂದೇ ಪುಟಕ್ಕೆ ಬೆರಳಿಟ್ಟು ‘ಇವನು ಅವನಲ್ವಾ’ ಅನ್ನುತ್ತಾರೆ. ಗುರುತು ಸಿಗದ ಆ ಹತ್ತು ಹದಿನೈದು ಮುಖಗಳನ್ನು ದೊಡ್ಡದಾಗಿ ಪ್ರಿಂಟ್ ಹೊಡೆಸಿ, ಕೆಳಗೆ ಖಾಲಿ ಜಾಗ ಬಿಟ್ಟು, ದಾರ ಕಟ್ಟಿದ ಪೆನ್ಸಿಲ್ ಜೊತೆ ಗೋಡೆಗೆ ಅಂಟಿಸಿ. ಹೆಸರು ಬರೆದವರು ತಮ್ಮ ಫೋನ್ ನಂಬರನ್ನೂ ಬರೆಯಲಿ. ಒಂದೇ ಮುಖಕ್ಕೆ ಎರಡು ಹೆಸರು ಬಂದರೆ ಆಮೇಲೆ ಇಬ್ಬರಿಗೂ ಫೋನ್ ಮಾಡಿ ಕೇಳಬೇಕಾಗುತ್ತದೆ.